ಪ್ರಶ್ನೆಪತ್ರಿಕೆಯೂ ಒಂದು ಪಠ್ಯ

ದಲಿತ ವಿಮರ್ಶೆಯ ಬಗೆಗಿನ ಈ ಸಂಚಿಕೆಗೆ ಬರೆಯಿರಿ ಎಂದು ಕೇಳಿದಾಗ ಯಾವುದಾದರೊಂದು ಕಾದಂಬರಿಯನ್ನೋ ಆತ್ಮಕಥೆಯನ್ನೋ ಇಟ್ಟುಕೊಂಡು ಬರೆದರಾಯಿತು ಎಂದುಕೊಂಡಿದ್ದೆ. ಕನ್ನಡ ಎಂ.ಎ. ಮಾಡಿ ಪದವಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಿರುವ ನನಗೆ ಕಲಿಸಿದ ವಿಮರ್ಶೆ ಎಂದರೆ ಅದೇ. ಆದರೆ ಬರೆಯಲು ಕೂತಾಗಲೆಲ್ಲ ಕಣ್ಣೆದುರು ಬಂದದ್ದು ಒಂದು ಪ್ರಶ್ನೆಪತ್ರಿಕೆ. ನಮ್ಮ ಕೇರಿಯ ಎಷ್ಟೋ ಜನ ತಮ್ಮ ಬದುಕಿನಲ್ಲಿ ಗಂಭೀರವಾಗಿ ಓದಿದ ಕೊನೆಯ ಪಠ್ಯ ಅದೇ. ಅದನ್ನು ಓದಿ ಬರೆದದ್ದರ ಮೇಲೆಯೇ ಅವರು ಇತ್ತ ಉಳಿದರೋ ಅತ್ತ ಹೋದರೋ ಎಂಬುದು ತೀರ್ಮಾನವಾಯಿತು. ಹಾಗಿರುವಾಗ ಅದನ್ನು ಯಾರು ಬರೆದರು, ಯಾರಿಗಾಗಿ ಬರೆದರು ಎಂದು ಕೇಳುವುದೂ ವಿಮರ್ಶೆಯ ಕೆಲಸವೇ ಅಲ್ಲವೆ?

2024ರ ಮಾರ್ಚಿನಲ್ಲಿ ನನ್ನ ಅಕ್ಕನ ಮಗಳು ಐದನೇ ಕ್ಲಾಸು, ಊರಿನ ಸರ್ಕಾರಿ ಶಾಲೆ. ಈ ಸಲ ಬೋರ್ಡ್ ಪರೀಕ್ಷೆ ಎಂದು ಮೇಷ್ಟ್ರು ಹೇಳಿದ್ದರಿಂದ ಅಕ್ಕ ಸಂತೆಯಲ್ಲಿ ಎರಡು ಪೆನ್ನು, ಒಂದು ಕ್ಲಿಪ್ಪಿನ ರಟ್ಟು ತಂದಿದ್ದಳು. 11ನೇ ತಾರೀಕು ಸೋಮವಾರ ಪರೀಕ್ಷೆ ಶುರುವಾಯಿತು. ಒಂದೆರಡು ಪತ್ರಿಕೆ ಬರೆಯುವಷ್ಟರಲ್ಲಿ ನಿಂತಿತು. 25ಕ್ಕೆ ಮತ್ತೆ ಬನ್ನಿ ಎಂದರು, ಹೋಗಿ ಉಳಿದದ್ದನ್ನು ಬರೆದಳು. ಏಪ್ರಿಲ್ 8ಕ್ಕೆ ಫಲಿತಾಂಶ ಎಂದಿದ್ದರು, ಅವತ್ತೇ ಫಲಿತಾಂಶ ಹೇಳುವಂತಿಲ್ಲ ಎಂದೂ ಆಯಿತು.

"ಮಾವ, ನಾನು ಪಾಸಾದ್ನಾ?" ಅಂದಳು.

"ಪಾಸಾದೆ ಕಣವ್ವ."

"ಎಷ್ಟ್ ಮಾರ್ಕ್ಸು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂಲಿಯಿಂದ ಬಂದು ಜಗುಲಿ ಮೇಲೆ ಕಾಲು ಚಾಚಿ ಕೂತಿದ್ದ ಅಕ್ಕ, "ಯಾರೋ ಕೋರ್ಟಿಗೆ ಹೋಗವ್ರಂತಲ್ಲ. ಮಾಡ್ತೀವಿ ಅಂದೋರೂ ನಮ್ಮನ್ನ ಕೇಳ್ಲಿಲ್ಲ, ಬ್ಯಾಡ ಅಂದೋರೂ ಕೇಳ್ಲಿಲ್ಲ" ಅಂದಳು. ಅಕ್ಕನ ಆ ಮಾತನ್ನು ಬಿಡಿಸಿ ನೋಡುವುದಷ್ಟೇ ನಾನಿಲ್ಲಿ ಮಾಡಹೊರಟಿರುವುದು.

ಕತೆ ಶುರುವಾಗುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ. ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಮತ್ತೆ ಕೂರಿಸಬಾರದು, ಶಾಲೆಯಿಂದ ಹೊರಗೆ ಹಾಕಬಾರದು ಎಂದು ಅದರ 16ನೇ ಕಲಮು ಹೇಳಿತು. ಅಲ್ಲಿಯ ತನಕ ಯಾವುದೇ ಬೋರ್ಡ್ ಪರೀಕ್ಷೆ ಪಾಸು ಮಾಡಲೇಬೇಕೆಂದು ಒತ್ತಾಯಿಸಬಾರದು ಎಂದು 30ನೇ ಕಲಮು ಹೇಳಿತು. ಹಾಗಾದರೆ ಮಗು ಕಲಿತದ್ದು ಗೊತ್ತಾಗುವುದು ಹೇಗೆ? ಅದಕ್ಕೆ 29ನೇ ಕಲಮು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಸೂಚಿಸಿತು. ಅಂದರೆ ವರ್ಷದ ಕೊನೆಗೆ ಒಂದು ದಿನ ತೂಗುವುದಲ್ಲ, ವರ್ಷವಿಡೀ ಜೊತೆಯಲ್ಲಿದ್ದು ನೋಡುವುದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಇಬ್ಬರೇ ಮೇಷ್ಟ್ರು ಐದು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ಶಾಲೆಗಳಲ್ಲಿ ಅದು ರಿಜಿಸ್ಟರ್ ತುಂಬುವ ಕೆಲಸವಾಯಿತು. ಆ ರಿಜಿಸ್ಟರುಗಳನ್ನು ನಾನು ನೋಡಿದ್ದೇನೆ, ಒಂದೇ ಪೆನ್ನಿನಲ್ಲಿ ಒಂದೇ ಕೂತಿಗೆ ಬರೆದದ್ದು ಕಣ್ಣಿಗೆ ಹೊಡೆಯುತ್ತದೆ. ಮೇಷ್ಟ್ರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

2019ರಲ್ಲಿ ಸಂಸತ್ತು 16ನೇ ಕಲಮನ್ನು ತಿದ್ದಿತು. ಐದು ಮತ್ತು ಎಂಟನೇ ತರಗತಿಯ ಕೊನೆಗೆ ಪರೀಕ್ಷೆ ಇರಬೇಕು, ಅದರಲ್ಲಿ ಆಗದ ಮಗುವಿಗೆ ಹೆಚ್ಚುವರಿ ಪಾಠ ಹೇಳಿ ಎರಡು ತಿಂಗಳೊಳಗೆ ಇನ್ನೊಂದು ಅವಕಾಶ ಕೊಡಬೇಕು, ಅದರಲ್ಲೂ ಆಗದಿದ್ದರೆ ಕೂರಿಸುವುದೋ ಮುಂದಕ್ಕೆ ಕಳಿಸುವುದೋ ಆಯಾ ಸರ್ಕಾರದ ತೀರ್ಮಾನ. 30ನೇ ಕಲಮನ್ನು ಮಾತ್ರ ಮುಟ್ಟಲಿಲ್ಲ. ಒಂದು ಕಡೆ ಪರೀಕ್ಷೆ ಇರಲಿ ಎನ್ನುವ, ಇನ್ನೊಂದು ಕಡೆ ಬೋರ್ಡ್ ಪರೀಕ್ಷೆ ಪಾಸಾಗಲೇಬೇಕೆಂದು ಒತ್ತಾಯಿಸಬಾರದು ಎನ್ನುವ ಈ ಸಂದಿಯಲ್ಲೇ ಕರ್ನಾಟಕದ ಜಗಳವೆಲ್ಲ ಹುಟ್ಟಿದ್ದು.

2022ರ ಡಿಸೆಂಬರಿನಲ್ಲಿ, ಅರ್ಧ ವರ್ಷ ಕಳೆದ ಮೇಲೆ, ಐದು ಮತ್ತು ಎಂಟನೇ ತರಗತಿಗೆ ಬೋರ್ಡ್ ಮಟ್ಟದ ಪರೀಕ್ಷೆ ಎಂದು ಸರ್ಕಾರ ಸುತ್ತೋಲೆ ಹೊರಡಿಸಿತು. ಹೆಸರು ಪರೀಕ್ಷೆ ಅಲ್ಲ, ಮೌಲ್ಯಾಂಕನ. ಯಾರನ್ನೂ ಫೇಲು ಮಾಡುವುದಿಲ್ಲ ಎಂದೂ ಹೇಳಿತು. ಅನುದಾನರಹಿತ ಖಾಸಗಿ ಶಾಲೆಗಳ ಸಂಘಗಳು ಹೈಕೋರ್ಟಿಗೆ ಹೋದವು. 2023ರ ಮಾರ್ಚ್ 10ರಂದು ಏಕಸದಸ್ಯ ಪೀಠ ಸುತ್ತೋಲೆಗಳನ್ನು ರದ್ದು ಮಾಡಿತು, 15ರಂದು ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು, ತಿಂಗಳ ಕೊನೆಗೆ ಪರೀಕ್ಷೆ ನಡೆಯಿತು. ಅಷ್ಟರಲ್ಲಿ ಚುನಾವಣೆ ಬಂತು, ಸರ್ಕಾರ ಬದಲಾಯಿತು. ಪಠ್ಯಪುಸ್ತಕದ ವಿಷಯದಲ್ಲಿ ಹಿಂದಿನವರು ಮಾಡಿದ್ದನ್ನು ತಿದ್ದಲು ಹೊರಟ ಹೊಸ ಸರ್ಕಾರ, ಪರೀಕ್ಷೆಯ ವಿಷಯದಲ್ಲಿ ಮಾತ್ರ ಅದೇ ದಾರಿಯಲ್ಲಿ ಇನ್ನೆರಡು ಹೆಜ್ಜೆ ಮುಂದೆ ಹೋಯಿತು. 2023ರ ಅಕ್ಟೋಬರಿನಲ್ಲಿ ಒಂಬತ್ತು ಮತ್ತು ಹನ್ನೊಂದನೇ ತರಗತಿಗಳೂ ಸೇರಿಕೊಂಡವು. ನಮ್ಮ ಚಳವಳಿಯ ಗೆಳೆಯರು ಇದನ್ನು ಗಮನಿಸಬೇಕು. ಪಠ್ಯದ ಬಗ್ಗೆ ಎರಡು ಪಕ್ಷಗಳಿಗೆ ಎರಡು ಮತ ಇರಬಹುದು, ಮಗುವನ್ನು ಅಳೆಯುವ ಬಗ್ಗೆ ಒಂದೇ ಮತ.

ಮತ್ತೆ ಕೋರ್ಟು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠದಿಂದ ರದ್ದು, ಮಾರನೇ ದಿನವೇ ವಿಭಾಗೀಯ ಪೀಠದಿಂದ ತಡೆ, 12ರಂದು ಸುಪ್ರೀಂ ಕೋರ್ಟಿನಿಂದ ಆ ತಡೆಯೇ ರದ್ದು, 22ರಂದು ವಿಭಾಗೀಯ ಪೀಠದಿಂದ ಪರೀಕ್ಷೆ ಮುಂದುವರಿಸಲು ಒಪ್ಪಿಗೆ, ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನಿಂದ ಫಲಿತಾಂಶಕ್ಕೆ ತಡೆ. ಹನ್ನೊಂದು ವರ್ಷದ ಹುಡುಗಿ ಪೆನ್ನು ಹಿಡಿದುಕೊಂಡು ಶಾಲೆಗೂ ಮನೆಗೂ ಓಡಾಡಿದ್ದು ಈ ತಾರೀಕುಗಳ ನಡುವೆ. ಅದೇ ವರ್ಷ ಅಕ್ಟೋಬರಿನಲ್ಲಿ ಎಂಟರಿಂದ ಹತ್ತನೇ ತರಗತಿಯವರ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶವನ್ನೂ ಸುಪ್ರೀಂ ಕೋರ್ಟ್ ತಡೆಹಿಡಿಯಿತು. ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ಮರುಪರೀಕ್ಷೆಯಲ್ಲೂ ಆಗದ ಐದು, ಎಂಟನೇ ತರಗತಿಯವರನ್ನು ತನ್ನ ಅಧೀನದ ಶಾಲೆಗಳಲ್ಲಿ ಅಲ್ಲೇ ಕೂರಿಸುವ ನಿಯಮ ತಂದಿತು.

ಹೈಕೋರ್ಟಿನ ಏಕಸದಸ್ಯ ಪೀಠಗಳು ಎರಡು ಸಲವೂ ಎತ್ತಿಕೊಂಡ ಮುಖ್ಯ ಪ್ರಶ್ನೆ, ಸರ್ಕಾರ ಇದನ್ನು ಬರೀ ಸುತ್ತೋಲೆ, ಅಧಿಸೂಚನೆಯಲ್ಲಿ ಮಾಡಬಹುದೇ ಎಂಬುದು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ನಿಯಮ ರೂಪಿಸಿ, ಆಕ್ಷೇಪಣೆ ಕರೆದು, ಶಾಸನಸಭೆಯ ಮುಂದಿಟ್ಟು ಮಾಡಬೇಕಾದ್ದನ್ನು ಹಾಗೆ ಮಾಡಲಿಲ್ಲ ಎಂಬುದು ತೀರ್ಪಿನ ತಿರುಳು. ಕಾನೂನಿನ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ. ಆಕ್ಷೇಪಣೆ ಕರೆಯುವುದೆಂದರೆ, ಕೊನೇಪಕ್ಷ ಕಾಗದದ ಮೇಲಾದರೂ, ನನ್ನ ಅಕ್ಕನನ್ನು ಕೇಳುವುದು. ಆದರೆ ಆ ವಾದ ಮಾಡಿದವರು ಯಾರು? ಫೀಸು ಕಟ್ಟುವ ಮಕ್ಕಳ ಶಾಲೆಗಳು. ಅವರಿಗೆ ಅವರದೇ ಕಾರಣಗಳಿದ್ದವು. ಹೊರಗಿನಿಂದ ಬರುವ ಪ್ರಶ್ನೆಪತ್ರಿಕೆ ಮಗುವಿನ ಜೊತೆಗೆ ಶಾಲೆಯನ್ನೂ ಅಳೆದುಬಿಡುತ್ತದೆ ಎಂಬ ಅಳುಕೂ ಅದರಲ್ಲಿತ್ತೆಂದು ನನ್ನ ಅನುಮಾನ. ಇರಲಿ. ಸರ್ಕಾರಿ ಶಾಲೆಯಲ್ಲಿ ಮಕ್ಕಳನ್ನು ಬಿಟ್ಟ ದಲಿತ ತಾಯಿಯ ಮಾತು ಈ ಎರಡು ವರ್ಷದ ಜಗಳದಲ್ಲಿ ಪರೀಕ್ಷೆ ಬೇಕೆಂಬುದಾಗಿಯೂ ದಾಖಲಾಗಲಿಲ್ಲ, ಬೇಡವೆಂಬುದಾಗಿಯೂ ಆಗಲಿಲ್ಲ.

ಅಮೆರಿಕದಲ್ಲಿ ಜಿಲ್ಲೆಗೊಂದು ಶಾಲಾ ಮಂಡಳಿ ಇರುತ್ತದೆ, ಬಹುಪಾಲು ಕಡೆ ಅದಕ್ಕೆ ಚುನಾವಣೆ ನಡೆಯುತ್ತದೆ, ಹೊಸ ಕೋರ್ಸು, ಪರೀಕ್ಷೆಗಳ ಬಗ್ಗೆ ತಂದೆತಾಯಂದಿರು ಅದರ ಸಭೆಯಲ್ಲಿ ಎದ್ದು ನಿಂತು ಮಾತಾಡುತ್ತಾರೆ. ಅಲ್ಲೂ ಕರಿಯರ ಮಾತು ಎಷ್ಟು ನಡೆಯುತ್ತದೆ ಎಂಬುದು ಬೇರೆ ಕತೆ. ನಮ್ಮಲ್ಲಿ ಜಿಲ್ಲೆ ಎಂಬುದು ತೀರ್ಮಾನದ ಜಾಗವೇ ಅಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೂತ ಪರೀಕ್ಷಾ ಮಂಡಲಿಯಿಂದ ಆದೇಶ ಹೊರಡುತ್ತದೆ, ಉಪನಿರ್ದೇಶಕರು ಬಿಇಒಗೆ ದಾಟಿಸುತ್ತಾರೆ, ಬಿಇಒ ಹೆಡ್‌ಮಾಸ್ತರರಿಗೆ, ಅವರು ಮಕ್ಕಳಿಗೆ. ಕೆಳಗಿನಿಂದ ಮೇಲೆ ಹೋಗುವುದು ಹಾಜರಿ ಮತ್ತು ಅಂಕ ಮಾತ್ರ. ಶಾಲೆಗೊಂದು ಎಸ್‌ಡಿಎಂಸಿ ಇದೆಯಲ್ಲ ಎನ್ನಬಹುದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅಂಥ ಸಮಿತಿಯ ನಾಲ್ಕನೇ ಮೂರು ಭಾಗ ತಂದೆತಾಯಂದಿರೇ ಇರಬೇಕು, ಅರ್ಧ ಹೆಂಗಸರಿರಬೇಕು, ದುರ್ಬಲ ವರ್ಗದವರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು. ನನ್ನ ಅಕ್ಕನೂ ಒಂದು ಅವಧಿಗೆ ಸದಸ್ಯೆಯಾಗಿದ್ದಳು. ಬಿಸಿಯೂಟ, ಕಾಂಪೌಂಡು, ಶೌಚಾಲಯದ ನೀರು, ಇವುಗಳ ಬಗ್ಗೆ ಮಾತಾಡಿದ್ದಾಳೆ. ಮಗು ಏನು ಕಲಿಯಬೇಕು, ಕಲಿತದ್ದನ್ನು ಹೇಗೆ ನೋಡಬೇಕು ಎಂಬ ಮಾತು ಆ ಕೋಣೆಗೆ ಬಂದೇ ಇಲ್ಲ. ಅನ್ನ, ಗೋಡೆ, ನೀರು ನಮ್ಮವರ ಪಾಲಿಗೆ. ಅಕ್ಷರ ಮೇಲಿನವರ ಪಾಲಿಗೆ. ಹಳೆಯ ಕೆಲಸ ಹಂಚಿಕೆಯನ್ನು ಹೊಸ ಸಮಿತಿಯೊಳಗೆ ಕೂರಿಸಿದ ಹಾಗೆ.

*

ಇನ್ನು ಪ್ರಶ್ನೆಪತ್ರಿಕೆಯ ಒಳಕ್ಕೆ ಬರುತ್ತೇನೆ. ಹೈಸ್ಕೂಲು ದಾಟಿದ ಎಲ್ಲರಿಗೂ ಕನ್ನಡ ಪತ್ರಿಕೆಯ ಪತ್ರಲೇಖನದ ಪ್ರಶ್ನೆ ನೆನಪಿರುತ್ತದೆ. "ನಿಮ್ಮನ್ನು ಇಂಥ ಊರಿನ ಇಂಥವರೆಂದು ಭಾವಿಸಿಕೊಂಡು, ಶೈಕ್ಷಣಿಕ ಪ್ರವಾಸಕ್ಕೆ ಹಣ ಕಳುಹಿಸುವಂತೆ ಕೋರಿ ನಿಮ್ಮ ತಂದೆಯವರಿಗೆ ಪತ್ರ ಬರೆಯಿರಿ" ಎಂಬ ಧಾಟಿಯದು. ಮಗು ಮೊದಲು ತಾನು ತಾನಲ್ಲ ಎಂದು ಭಾವಿಸಬೇಕು. ಆಮೇಲೆ ಓದು ಬಲ್ಲ ಒಬ್ಬ ತಂದೆಯನ್ನು ಭಾವಿಸಬೇಕು. ಆ ತಂದೆ ಇನ್ನೊಂದು ಊರಿನಲ್ಲಿದ್ದು, ಕೇಳಿದರೆ ಹಣ ಕಳಿಸುವ ಸ್ಥಿತಿಯಲ್ಲಿದ್ದಾನೆಂದು ಭಾವಿಸಬೇಕು. ಇಷ್ಟು ಭಾವಿಸಿದ ಮೇಲೆ ಎಡಗಡೆ ಕ್ಷೇಮ, ನಡುವೆ ಶ್ರೀ, ಬಲಗಡೆ ದಿನಾಂಕ, ಸಂಬೋಧನೆ, ಒಕ್ಕಣೆ, ಮುಕ್ತಾಯ. ಒಂದೊಂದಕ್ಕೂ ಅರ್ಧ, ಒಂದು ಅಂಕ.

ನಾನು ಹೈಸ್ಕೂಲಿನಲ್ಲಿ ಮೊದಲ ಸಲ ಈ ಪತ್ರ ಬರೆದಾಗ "ಅಪ್ಪನಿಗೆ ನಿನ್ನ ಮಗ ಬರೆಯುವುದು, ನೀನು ಹುಷಾರಾಗಿದ್ದೀಯ ಎಂದುಕೊಂಡಿದ್ದೇನೆ" ಎಂದು ಶುರು ಮಾಡಿದ್ದೆ. ಮೇಷ್ಟ್ರು ಕ್ಲಾಸಿನ ಮುಂದೆ ಅದನ್ನು ಓದಿಸಿದರು. "ತಂದೆಗೆ ನೀನು ಅಂತಾರೇನೋ, ಎಲ್ಲಿಂದ ಬಂದ್ಯೋ?" ಎಂದರು. ಹುಡುಗರು ನಕ್ಕರು. ನಮ್ಮ ಮನೆಯಲ್ಲಿ ಅಪ್ಪನಿಗೆ ನೀನು ಅಂತಲೇ ಅಂತಾರೆ. ನಮ್ಮಪ್ಪ ಅವರಪ್ಪನಿಗೂ ನೀನು ಅಂತಲೇ ಅಂದಿದ್ದು. ನೀವು, ಬುದ್ಧಿ, ಸ್ವಾಮಿ ಎಲ್ಲ ಊರ ಒಳಗಿನವರಿಗೆ ಮೀಸಲಾಗಿದ್ದವು. ಮನೆಯೊಳಗೂ ಬಹುವಚನ ಬಳಸಬೇಕೆಂಬ ರೀತಿ ಒಂದು ವರ್ಗದ್ದು, ಒಂದು ಜಾತಿಯ ಆಸುಪಾಸಿನದು. ಅದು ಪರೀಕ್ಷೆಯಲ್ಲಿ ಕನ್ನಡದ ರೀತಿಯಾಗಿಬಿಡುತ್ತದೆ. ಸರಿಯಾದ ಸಂಬೋಧನೆ ಏನೆಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: "ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು." ತೀರ್ಥರೂಪು! ನಮ್ಮೂರ ದೇವಸ್ಥಾನದಲ್ಲಿ ನಮ್ಮಪ್ಪನ ಅಂಗೈಗೆ ತೀರ್ಥ ಹಾಕಿದವರಿಲ್ಲ. 2015ರಲ್ಲಿ ಎಸ್ಸೆಸ್ಸೆಲ್ಸಿ ಬರೆದಾಗ ಆ ಪದವನ್ನು ಒತ್ತಕ್ಷರ ತಪ್ಪದ ಹಾಗೆ ಬರೆದೆ. ಕನ್ನಡದಲ್ಲಿ ಒಳ್ಳೆಯ ಅಂಕ ಬಂತು. ಅದೇ ಅಂಕದ ಬಲದಿಂದ ಮುಂದೆ ಕನ್ನಡ ಎಂ.ಎ.ಗೆ ಬಂದವನು ನಾನು ಎಂಬುದನ್ನೂ ಮುಚ್ಚಿಡಲಾರೆ.

ಇದನ್ನು ಓದಿ, ಪ್ರಶ್ನೆ ಸರಿಪಡಿಸಿದರಾಯಿತಲ್ಲ, "ಕೂಲಿಗೆ ಹೋದ ಅವ್ವನಿಗೆ ಪತ್ರ ಬರೆಯಿರಿ" ಎಂದು ಕೇಳಿದರಾಯಿತಲ್ಲ ಎಂದು ಯಾರಾದರೂ ಹೇಳಬಹುದು. ಅಂಥ ಪ್ರಶ್ನೆ ಬಂದರೆ ನನಗೆ ಸಂತೋಷವೇ. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ವರ್ಷ ನನಗೆ ಇನ್ನೊಂದು ಅನುಭವವೂ ಆಯಿತು.

ನಮ್ಮ ವರ್ಷದವರಿಗೆ ನೂರರಲ್ಲಿ ಇಪ್ಪತ್ತು ಅಂಕ ಶಾಲೆಯೇ ಕೊಡುವ ಆಂತರಿಕ ಅಂಕ, ಎಂಬತ್ತು ಬೋರ್ಡ್ ಪರೀಕ್ಷೆಯದು. ಶಾಲೆ ಯಾವುದೆಂದು ಹೇಳುವುದಿಲ್ಲ. ಅಂಕಪಟ್ಟಿ ಬಂದಾಗ ನಮ್ಮ ಕೇರಿಯ ಮೂವರೂ ಪಕ್ಕಪಕ್ಕ ಇಟ್ಟು ನೋಡಿದೆವು. ಆಂತರಿಕ ಅಂಕ ಹೆಚ್ಚು ಕಡಿಮೆ ಮೂವರಿಗೂ ಒಂದೇ, ಹದಿನಾಲ್ಕು, ಹದಿನೈದು. ಮೂವರೂ ಒಂದೇ ಥರ ಓದುವವರಾಗಿರಲಿಲ್ಲ, ಒಬ್ಬನಂತೂ ಲೆಕ್ಕದಲ್ಲಿ ಕ್ಲಾಸಿಗೇ ಮೊದಲಿಗ. ಬೋರ್ಡ್ ಪರೀಕ್ಷೆಯಲ್ಲಿ ಅವನಿಗೆ ಎಂಬತ್ತಕ್ಕೆ ಎಪ್ಪತ್ತೇಳು ಬಂದಿತ್ತು. ಆ ಉತ್ತರ ಪತ್ರಿಕೆ ಯಾವುದೋ ಊರಿಗೆ ಹೋಯಿತು, ಅದರ ಮೇಲೆ ಬರೀ ನಂಬರು. ತಿದ್ದಿದ ಪುಣ್ಯಾತ್ಮನಿಗೆ ಹುಡುಗ ಯಾವ ಬೀದಿಯವನೆಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಅಂದರೆ, ಹೆಸರು ಗೊತ್ತಿದ್ದವರು ಹದಿನಾಲ್ಕು ಕೊಟ್ಟರು, ನಂಬರು ಮಾತ್ರ ಗೊತ್ತಿದ್ದವರು ಎಪ್ಪತ್ತೇಳು ಕೊಟ್ಟರು. ನಿರಂತರ ಮೌಲ್ಯಮಾಪನವೇ ಮಾನವೀಯ, ಬೋರ್ಡ್ ಪರೀಕ್ಷೆ ಎಂದರೆ ಹಿಂಸೆ ಎಂದು ಶಿಕ್ಷಣ ತಜ್ಞರು ಹೇಳುವಾಗ ನನಗೆ ಅರ್ಧ ಮಾತ್ರ ಒಪ್ಪಿಗೆಯಾಗುವುದು ಇದೇ ಕಾರಣಕ್ಕೆ. ಜಾತಿಯ ಊರಿನಲ್ಲಿ "ಮಗುವನ್ನು ಹತ್ತಿರದಿಂದ ಬಲ್ಲ ಶಿಕ್ಷಕ" ಎಂಬ ಮಾತಿಗೆ ಎರಡು ಅರ್ಥವಿದೆ.

ಇದು ನನ್ನೊಬ್ಬನ ಸಂಕಟ ಅಲ್ಲವೆನ್ನಲು ಎರಡು ಅಧ್ಯಯನಗಳನ್ನು ಹೇಳಬೇಕು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಆರು, ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಗೆರೆಚಿತ್ರದ ಒಗಟು ಬಿಡಿಸಲು ಕೊಟ್ಟರು. 321 ಮೇಲ್ಜಾತಿಯ ಹುಡುಗರು, 321 ಕೆಳಜಾತಿಯ ಹುಡುಗರು. ಜಾತಿ ಎತ್ತದೆ ಆಡಿಸಿದಾಗ ಎರಡೂ ಗುಂಪು ಹೆಚ್ಚು ಕಡಿಮೆ ಸಮ. ಎಲ್ಲರ ಮುಂದೆ ಹುಡುಗನ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಕೂಗಿ ಹೇಳಿ ಆಡಿಸಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಐದನೇ ಒಂದು ಭಾಗಕ್ಕೂ ಕಡಿಮೆಯಿಲ್ಲದಷ್ಟು ಇಳಿಯಿತು. 2004ರಲ್ಲಿ ಪ್ರಕಟವಾದ ಅಧ್ಯಯನ ಇದು. ಹುಡುಗರೂ ಅಂಥವರೇ, ಒಗಟೂ ಅಂಥದ್ದೇ. ಕೂಗಿದ್ದೊಂದೇ ಹೆಚ್ಚು.

ಎರಡನೆಯದು ಹೇಳಲು ಸ್ವಲ್ಪ ಕಷ್ಟ. ರೀಮಾ ಹನ್ನಾ ಮತ್ತು ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞರು ಭಾರತದಲ್ಲೇ ಮಕ್ಕಳ ಉತ್ತರ ಪತ್ರಿಕೆಗಳ ಮುಖಪುಟಕ್ಕೆ ಬೇರೆ ಬೇರೆ ಜಾತಿಯ ವಿವರ ಹಚ್ಚಿ ಶಿಕ್ಷಕರಿಂದ ತಿದ್ದಿಸಿದರು. ಕೆಳಜಾತಿ ಎಂದು ಬರೆದ ಪತ್ರಿಕೆಗೆ ಅಂಕ ಸ್ವಲ್ಪ ಕಡಿಮೆ ಬಿತ್ತು. ವ್ಯತ್ಯಾಸ ದೊಡ್ಡದಲ್ಲ, ಆದರೆ ಇತ್ತು. ಮತ್ತು ಹಾಗೆ ಕಡಿಮೆ ಕೊಟ್ಟವರು ಮುಖ್ಯವಾಗಿ ಕೆಳಜಾತಿಯ ಶಿಕ್ಷಕರೇ. ಇದನ್ನು ಓದಿದ ರಾತ್ರಿ ನಾನು ನನ್ನ ಕಾಲೇಜಿನ ಆಂತರಿಕ ಅಂಕಗಳ ಪಟ್ಟಿ ತೆಗೆದು ನೋಡಿದೆ. ನಮ್ಮ ಹುಡುಗರಿಗೆ "ಇನ್ನೂ ಚೆನ್ನಾಗಿ ಬರೀಬೇಕು ಇವನು" ಎಂದು ನಾನೂ ಒಂದೆರಡು ಅಂಕ ಹಿಡಿದಿದ್ದೆನೇ? ಹಿಡಿದಿದ್ದೆ. ಪ್ರೀತಿಯಿಂದ ಹಿಡಿದೆ ಎಂದು ನನಗೆ ನಾನೇ ಹೇಳಿಕೊಳ್ಳಬಹುದು. ಅಂಕಪಟ್ಟಿಯಲ್ಲಿ ಪ್ರೀತಿ ಅಚ್ಚಾಗುವುದಿಲ್ಲ.

*

ಪರೀಕ್ಷೆಯ ಬಗ್ಗೆ ಅಂಬೇಡ್ಕರ್ ಏನು ಹೇಳಿದ್ದರೆಂದು ನಮ್ಮಲ್ಲಿ ಹೆಚ್ಚು ಚರ್ಚೆಯಾಗಿಲ್ಲ. 1927ರ ಮಾರ್ಚ್ 12ರಂದು, ಮಹಾಡದ ಚವದಾರ್ ಕೆರೆಗೆ ಇಳಿಯುವುದಕ್ಕೆ ಸರಿಯಾಗಿ ಎಂಟು ದಿನ ಮೊದಲು, ಅವರು ಮುಂಬೈ ಶಾಸನ ಪರಿಷತ್ತಿನಲ್ಲಿ ಶಿಕ್ಷಣದ ಅನುದಾನದ ಮೇಲೆ ಮಾತಾಡಿದರು. ಪ್ರಾಥಮಿಕ ಶಾಲೆಗೆ ಸೇರಿದ ನೂರು ಮಕ್ಕಳಲ್ಲಿ ನಾಲ್ಕನೇ ತರಗತಿಗೆ ಬರುವವರು 18, ಉಳಿದ 82 ಮಕ್ಕಳು ಮತ್ತೆ ಅನಕ್ಷರತೆಗೇ ಜಾರುತ್ತಾರೆ ಎಂದು ಲೆಕ್ಕ ಕೊಟ್ಟರು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಆಗ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು, ಆದ್ದರಿಂದ ಅದು ಕನ್ನಡದ ಮಕ್ಕಳ ಲೆಕ್ಕವೂ ಹೌದು. ಅದೇ ವರ್ಷ ಮುಂಬೈ ವಿಶ್ವವಿದ್ಯಾಲಯದ ಮಸೂದೆಯ ಚರ್ಚೆಯಲ್ಲಿ ಅವರು ಇನ್ನೂ ನೇರವಾಗಿ ಹೇಳಿದರು: ಪರೀಕ್ಷೆ ಬೇರೆ, ಶಿಕ್ಷಣ ಬೇರೆ, ಶಿಕ್ಷಣದ ಮಟ್ಟ ಏರಿಸುತ್ತೇವೆಂಬ ಹೆಸರಿನಲ್ಲಿ ಪರೀಕ್ಷೆಯನ್ನು ಕಠಿಣ ಮಾಡಿ ಹಿಂದುಳಿದವರನ್ನು ಬಾಗಿಲಲ್ಲೇ ತಡೆಯುತ್ತಿದ್ದೀರಿ ಎಂದು. ಪರೀಕ್ಷೆಗಳನ್ನೇ ಪಾಸು ಮಾಡಿ ಕೊಲಂಬಿಯಾ, ಲಂಡನ್ನಿನ ತನಕ ಹೋಗಿ ಬಂದವರು ಆಡಿದ ಮಾತಿದು. ತಾನು ದಾಟಿದ ಬಾಗಿಲನ್ನು ಅವರು ಹೊಗಳಲಿಲ್ಲ. ನಮ್ಮಲ್ಲಿ ಕೆಲವರು, ನಾನು ಓದಿ ಬರಲಿಲ್ಲವಾ, ನಿಮಗೇನು ರೋಗ ಎಂದು ಕಿರಿಯರಿಗೆ ಹೇಳುವುದನ್ನು ಕೇಳಿದಾಗ ಈ ಭಾಷಣ ನೆನಪಾಗುತ್ತದೆ.

'ಮಟ್ಟ' ಎಂಬ ಪದ ನೂರು ವರ್ಷವಾದರೂ ಸವೆದಿಲ್ಲ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ನೇರವಾಗಿ ನೋಡುವ ವ್ಯವಸ್ಥೆ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಸುಮ್ಮನೆ ಬಂದದ್ದಲ್ಲ; ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಕೃಪಾಂಕಕ್ಕೆ ಬೇಕಾದ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ ಬಂದದ್ದು. ಇಲ್ಲದಿದ್ದರೆ ಸುಮಾರು ಶೇ. 53ಕ್ಕೆ ನಿಲ್ಲುತ್ತಿತ್ತು. ಟೀಕೆ ಬಂತು, ಮುಂದಿನ ವರ್ಷ ಕೃಪಾಂಕ ಹೋಯಿತು, 2025ರ ಮೊದಲ ಪರೀಕ್ಷೆಯಲ್ಲಿ ಶೇ. 66.14 ಮಂದಿ ಪಾಸಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಪಾಸಿನ ಗೆರೆಯನ್ನು ಶೇ. 35ರಿಂದ 33ಕ್ಕೆ ಇಳಿಸುವ ತೀರ್ಮಾನವಾಯಿತು. ಕೂಡಲೇ ಗುಣಮಟ್ಟ ಹಾಳಾಯಿತೆಂದು ಕೂಗೆದ್ದಿತು.

ಈ ಅಂಕಿಗಳನ್ನು ಕತೆ ಓದುವ ಹಾಗೆ ಓದಿ. ಕ್ಯಾಮೆರಾ ತೋರಿಸಿದ್ದು ಏನನ್ನು? ಮಕ್ಕಳು ನಕಲು ಮಾಡುತ್ತಿದ್ದರು ಎಂದು ಪೇಪರಿನವರು ಬರೆದರು. ಹತ್ತು ವರ್ಷ ಶಾಲೆಯಲ್ಲಿ ಕೂತ ಮಗುವಿಗೆ ಕಲಿಸದೆ, ಕೊನೆಯ ದಿನ ಕಣ್ಣು ಮುಚ್ಚಿ ದಾಟಿಸುತ್ತಿದ್ದವರು ಯಾರು ಎಂದು ಯಾರೂ ಬರೆಯಲಿಲ್ಲ. ಕ್ಯಾಮೆರಾ ಇದ್ದದ್ದು ಪರೀಕ್ಷೆಯ ಕೋಣೆಯಲ್ಲಿ, ಮೇಷ್ಟ್ರ ಹುದ್ದೆ ಖಾಲಿ ಬಿದ್ದ ಕೋಣೆಯಲ್ಲಲ್ಲ. ಇನ್ನು ಕೃಪಾಂಕ ಎಂಬ ಪದ. ಕೃಪೆ ಮಾಡುವವನು ಮೇಲಿರುತ್ತಾನೆ, ಪಡೆಯುವವನು ಕೈ ಚಾಚಿರುತ್ತಾನೆ. ಸರ್ಕಾರ ಕಲಿಸಬೇಕಾದದ್ದನ್ನು ಕಲಿಸದೆ ಉಳಿಸಿಕೊಂಡ ಬಾಕಿಯನ್ನು ತೀರಿಸುವಾಗ ಅದಕ್ಕೆ ಕೃಪೆ ಎಂದು ಹೆಸರಿಡುತ್ತದೆ. ಸಾಲ ತೀರಿಸುವವನು ಅದನ್ನು ಭಿಕ್ಷೆ ಎಂದು ಕರೆದ ಹಾಗೆ. ಕೂಲಿ ಬಾಕಿ ಕೇಳಲು ಹೋದವರಿಗೆ "ಇಸ್ಕೊ, ಬದುಕ್ಕೊ" ಎಂದು ಎಸೆಯುತ್ತಿದ್ದ ಹಳೆಯ ಗೌಡಿಕೆಯ ದನಿ ನನಗಂತೂ ಆ ಪದದಲ್ಲಿ ಕೇಳುತ್ತದೆ.

ಪದವಿ ತರಗತಿಗಳ ಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2021ರಲ್ಲಿ ಹೊಸ ರಾಷ್ಟ್ರೀಯ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿ ಬಂತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಮನೆಯ ಕಷ್ಟಕ್ಕೆ ಓದು ಬಿಡುವ ಹುಡುಗರನ್ನು ತಡೆದು ನಿಲ್ಲಿಸುವ ಬದಲು ಹೊರಹೋಗುವ ಬಾಗಿಲಿಗೆ ಒಂದೊಂದು ಬೋರ್ಡು ತಗುಲಿಸಿದ್ದರು. ಅಂಬೇಡ್ಕರ್ ಹೇಳಿದ 82 ಮಂದಿಗೆ ಕೈಗೊಂದು ಕಾಗದ. 2023ರಲ್ಲಿ ರಾಜ್ಯ ಸರ್ಕಾರ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ಮಾಡಿತು, 2024ರಿಂದ ಪದವಿ ಮತ್ತೆ ಮೂರು ವರ್ಷವಾಯಿತು. ಆಯೋಗದ ಪೂರ್ಣ ವರದಿ 2025ರ ಆಗಸ್ಟಿನಲ್ಲಿ ಸಲ್ಲಿಕೆಯಾಯಿತು; ಐದನೇ ತರಗತಿಯ ತನಕ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಕೆ, ಎರಡು ಭಾಷೆಯ ನೀತಿ ಮೊದಲಾದವು ಅದರಲ್ಲಿವೆ. ಇಂಗ್ಲಿಷ್ ಬೇಕೆನ್ನುವ ನಮ್ಮ ತಂದೆತಾಯಂದಿರ ಜೊತೆ ಇದರ ಬಗ್ಗೆ ಜಗಳವೂ ಆಗಬೇಕಿದೆ, ಅದಕ್ಕೆ ಬೇರೆಯದೇ ಲೇಖನ ಬೇಕು. ದಲಿತ ಚಿಂತಕರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಸಣ್ಣದಲ್ಲ. ಆದರೆ ವರದಿಯನ್ನು ಒಪ್ಪುವುದು, ಬಿಡುವುದು, ಅರ್ಧ ತೆಗೆದುಕೊಳ್ಳುವುದು ಮತ್ತೆ ಅದೇ ಸುತ್ತೋಲೆ ಹೊರಡುವ ಮೇಜಿನ ಮೇಲೆ.

ಹಾಗಾದರೆ ಪರೀಕ್ಷೆ ಬೇಕೋ ಬೇಡವೋ ಹೇಳು ಎಂದು ಚಳವಳಿಯ ಹಿರಿಯರೊಬ್ಬರು ನನ್ನನ್ನು ಒತ್ತಾಯಿಸಿದರು. ಅವರ ಮಾತು ಇದು: "ಎಲ್ಲಾರ್ನೂ ಪಾಸು ಮಾಡ್ತೀವಿ ಅಂದ್ರೆ ಯಾರ್ಗೂ ಕಲಿಸಲ್ಲ ಅಂತಾನೇ ಕಣಯ್ಯ ಅರ್ಥ. ನಮ್ಮ ಕಾಲದಲ್ಲಿ ಏಳನೇ ಕ್ಲಾಸ್ ಪಬ್ಲಿಕ್ ಇತ್ತು, ಅದಕ್ಕೆ ಹೆದರಿ ಮೇಷ್ಟ್ರು ಸಂಜೆ ಕೂರಿಸಿಕೊಂಡು ಹೇಳಿಕೊಡೋರು." ಮುಂಬೈ ಕರ್ನಾಟಕದ ಕಡೆ ಮುಲ್ಕಿ ಎನ್ನುತ್ತಿದ್ದುದೂ ಅದೇ ಏಳನೆಯದು. ಅವರು ಹೇಳಿದ್ದು ನಿಜವೇ, ಅವರು ಆ ಪರೀಕ್ಷೆ ದಾಟಿ ಬಂದವರು. ಆದರೆ ನಮ್ಮಪ್ಪನ ವಾರಿಗೆಯ ಹತ್ತಾರು ಜನ ನಮ್ಮ ಕೇರಿಯಲ್ಲಿದ್ದಾರೆ. ಎಷ್ಟು ಓದಿದ್ದೀರಿ ಎಂದರೆ ಇವತ್ತಿಗೂ "ಏಳ್ನೇ ಕ್ಲಾಸ್ ಫೇಲು" ಎಂದೇ ಹೇಳುತ್ತಾರೆ, ಅದೇ ಒಂದು ಡಿಗ್ರಿಯ ಹಾಗೆ. ಅವರು ಫೇಲಾದ ವರ್ಷ ಶಾಲೆಯಲ್ಲಿ ಮೇಷ್ಟ್ರು ಇದ್ದರೇ ಎಂದು ಕೇಳಿದರೆ ಅವರಿಗೇ ನೆನಪಿಲ್ಲ. ಫೇಲು ಮಾತ್ರ ಅವರ ಹೆಸರಿನ ಜೊತೆ ಉಳಿದುಕೊಂಡಿದೆ.

ನನಗೆ ಬೇಕಾದದ್ದು ನಂಬರು ಹಾಕಿದ ಪರೀಕ್ಷೆ. ಹೆಸರು ನೋಡಿ ಕೊಡುವ ಅಂಕಕ್ಕಿಂತ ಅದು ಮೇಲು. ಆದರೆ ಅದರ ಫಲಿತಾಂಶದ ಎದುರು ಬರೆಯಬೇಕಾದ ಹೆಸರು ಮಗುವಿನದಲ್ಲ, ಶಾಲೆಯದು, ತಾಲ್ಲೂಕಿನದು, ಖಾಲಿ ಹುದ್ದೆ ತುಂಬದ ಇಲಾಖೆಯದು. ಐದನೇ ತರಗತಿಯ ನಲವತ್ತು ಮಕ್ಕಳಲ್ಲಿ ಮೂವತ್ತು ಮಂದಿಗೆ ಭಾಗಾಕಾರ ಬರಲಿಲ್ಲವೆಂದರೆ ಅಲ್ಲಿ ಫೇಲಾದವರು ಮಕ್ಕಳಲ್ಲ. ಆ ವಿವರ ಎಸ್‌ಡಿಎಂಸಿಯ ಸಭೆಗೆ ಬರಬೇಕು, ಅಕ್ಕನಂಥವರಿಗೆ ಅರ್ಥವಾಗುವ ಮಾತಿನಲ್ಲಿ ಬರಬೇಕು, ಬಿಇಒ ಅಲ್ಲಿ ಬಂದು ಉತ್ತರ ಹೇಳಬೇಕು. 2019ರ ತಿದ್ದುಪಡಿಯಲ್ಲಿರುವ ಹೆಚ್ಚುವರಿ ಪಾಠದ ಮಾತನ್ನು ಹಿಡಿದು ನಮ್ಮ ಸಂಘಟನೆಗಳು ಕೇಳಿದ್ದರೆ ಆ ಎರಡು ವರ್ಷದ ವ್ಯಾಜ್ಯದಲ್ಲಿ ಮೂರನೇ ದನಿಯೊಂದು ಇರುತ್ತಿತ್ತು. ನಾವು ಕೇಳಲಿಲ್ಲ. ಪಠ್ಯದಲ್ಲಿ ಯಾರ ಪಾಠ ತೆಗೆದರು ಎಂದು ಬೀದಿಗಿಳಿದೆವು, ಇಳಿಯಲೇಬೇಕಿತ್ತು. ಆ ಪಾಠವನ್ನು ನಮ್ಮ ಮಗು ಓದಬಲ್ಲದೇ ಎಂಬ ಪ್ರಶ್ನೆಗೆ ಮಾತ್ರ ಇಳಿಯಲಿಲ್ಲ.

ಕಳೆದ ವರ್ಷ ನನ್ನ ಬಿ.ಎ. ವಿದ್ಯಾರ್ಥಿಗಳಿಗೆ ಅವರವರ ಎಸ್ಸೆಸ್ಸೆಲ್ಸಿ ಕನ್ನಡ ಪ್ರಶ್ನೆಪತ್ರಿಕೆ, ಪೂರ್ವಸಿದ್ಧತಾ ಪತ್ರಿಕೆ, ಸಿಕ್ಕಿದ್ದನ್ನೆಲ್ಲ ತನ್ನಿ ಎಂದೆ. ಪತ್ರಲೇಖನದ ಪ್ರಶ್ನೆಗಳನ್ನಷ್ಟೇ ಬಿಡಿಸಿ ಗೋಡೆಗೆ ಅಂಟಿಸಿ, ಇದೊಂದು ಕಥಾಸಂಕಲನ ಎಂದುಕೊಂಡು ಓದಿ, ಇದರಲ್ಲಿ ಯಾರಿದ್ದಾರೆ, ಯಾರಿಲ್ಲ ಹೇಳಿ ಎಂದೆ. ಹುಡುಗರು ಊರುಗಳನ್ನು, ಹೆಸರುಗಳನ್ನು ಎಣಿಸಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ರಜೆಯಲ್ಲಿ ಗಾರ್ಮೆಂಟ್ಸಿಗೆ ಹೋಗುವವಳು, ಎದ್ದು ನಿಂತು, "ಸಾರ್, ಇದ್ರಲ್ಲಿ ಎಲ್ಲಾ ಮಕ್ಳೂ ಅಪ್ಪನ್ನ ದುಡ್ಡು ಕೇಳ್ತವೆ. ದುಡ್ಡು ಕಳಿಸೋ ಮಗಳು ಒಬ್ಬಳೂ ಇಲ್ಲ" ಎಂದಳು.

ಆ ಪತ್ರವನ್ನು ನೀನೇ ಬರಿ ಎಂದೆ. ಹಾಳೆ ತೆಗೆದುಕೊಂಡಳು, ಮೇಲೆ ದಿನಾಂಕ ಹಾಕಿದಳು, ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತಿದ್ದು ತಲೆಯೆತ್ತಿ ಕೇಳಿದಳು:

"ಸಾರ್, ಅಪ್ಪನ್ಗೆ ನೀನು ಅಂತ ಬರೆದ್ರೆ ಮಾರ್ಕ್ಸ್ ಕಟ್ ಮಾಡ್ತೀರಾ?"